ನಕ್ಷತ್ರವೇ ಬೇಕಾದಾಗ

ನಮ್ಮ ಗುರುಗಳು ತೀರಿಕೊಳ್ಳುವ ಮುಂಚೆ ತಮ್ಮ ಶಬ್ದಪಟ್ಟಿಯನ್ನು ನನ್ನ ಕೈಗೆ ಒಪ್ಪಿಸಿದ್ದರು. ಯಾವ ಶಾಸನದಲ್ಲೂ ಕಾವ್ಯದಲ್ಲೂ ಸಿಕ್ಕದೆ, ಸೋದರಭಾಷೆಗಳ ಹೋಲಿಕೆಯಿಂದ ಊಹಿಸಿಕೊಂಡ ರೂಪಗಳ ಮೊದಲಿಗೆ ಅದರಲ್ಲಿ ಒಂದೊಂದು ನಕ್ಷತ್ರ ಚಿಹ್ನೆ. ಭಾಷಾಶಾಸ್ತ್ರಜ್ಞರ ರೂಢಿ ಅದು. “ಕಂಡದ್ದೂ ಊಹಿಸಿದ್ದೂ ಬೆರೆತುಹೋಗಬಾರದಯ್ಯ” ಎಂಬುದು ಅವರ ಕಟ್ಟಪ್ಪಣೆ.

ಎರಡು ಬೇಸಗೆ ರಜ ಕಳೆದು ಅದನ್ನು ಎಕ್ಸೆಲ್ಲಿನಲ್ಲಿ ತುಂಬಿದೆ. ಅಚ್ಚಿಗೆ ಕೊಡುವ ಮುನ್ನ, ನಕ್ಷತ್ರದ ಬದಲು ಪುಟ್ಟ ಕಠಾರಿಯ ಗುರುತಿದ್ದರೆ ಅಂದವೆನ್ನಿಸಿತು. ಹುಡುಕಬೇಕಾದದ್ದು ನಕ್ಷತ್ರ, ಇಡಬೇಕಾದದ್ದು ಕಠಾರಿ, ಎಲ್ಲ ಕಡೆಯೂ ಬದಲಿಸು ಎಂದು ಅಪ್ಪಣೆ ಕೊಟ್ಟೆ. ರೆಪ್ಪೆ ಮಿಟುಕಿಸುವಷ್ಟರಲ್ಲಿ ಪದಗಳೆಲ್ಲ ಮಾಯ! ಮನೆಮನೆಯಲ್ಲೂ ಒಂದೊಂದು ಕಠಾರಿ. ಒಂದು ನನ್ನ ಎದೆಗೂ ನಾಟಿತು.

ಇಂಜಿನಿಯರಿಂಗ್ ಓದುವ ಮಗಳು ಓಡಿಬಂದು ಎರಡು ಕೀಲಿ ಒತ್ತಿ ಎಲ್ಲವನ್ನೂ ಹಿಂದಕ್ಕೆ ತಂದಳು. “ಅಪ್ಪಾ, ಇಲ್ಲಿ ನಕ್ಷತ್ರ ಅಂದರೆ ನಕ್ಷತ್ರ ಅಲ್ಲ, ‘ಯಾವ ಅಕ್ಷರವಾದರೂ ಸರಿ, ಎಷ್ಟಾದರೂ ಸರಿ’ ಅಂತ. ಪ್ರಶ್ನೆಯ ಚಿಹ್ನೆ ಅಂದರೆ ಯಾವುದಾದರೂ ಒಂದೇ ಅಕ್ಷರ. ನಿಜವಾದ ನಕ್ಷತ್ರವೇ ಬೇಕಾದರೆ ಅದಕ್ಕೆ ಮುಂಚೆ ಅಲೆಯಂಥ ಗೀಟು ಹಾಕಬೇಕು.”

ವ್ಯಾಕರಣದಲ್ಲಿ ಶಬ್ದವು ತನ್ನ ಸ್ವರೂಪವನ್ನೇ ಸೂಚಿಸುತ್ತದೆ, ಪಾರಿಭಾಷಿಕ ಸಂಜ್ಞೆಯನ್ನುಳಿದು ಎಂದು ಪಾಣಿನಿ ಅಷ್ಟಾಧ್ಯಾಯಿಯ ಮೊದಲ ಪಾದದಲ್ಲೇ ವಿಧಿಸಿದ್ದಾನೆ. ಇದನ್ನು ವರ್ಷವರ್ಷವೂ ತರಗತಿಯಲ್ಲಿ ಒದರುವ ಮೇಷ್ಟ್ರು ನಾನು! ನಕ್ಷತ್ರ ಇಲ್ಲಿ ಸಂಜ್ಞೆ. ಅದಕ್ಕೆ ಸ್ವರೂಪವನ್ನು ಮರಳಿ ಕೊಡುವುದು ಆ ಗೀಟು.

ಕಠಾರಿಯ ಆಸೆ ಬಿಟ್ಟೆ. ಮಗಳು ಪಟ್ಟಿಯಲ್ಲಿ ಹುಡುಕುವುದಕ್ಕೆಂದೇ ಸಣ್ಣದೊಂದು ಪ್ರೋಗ್ರಾಂ ಬರೆದುಕೊಟ್ಟಳು. ಅದರಲ್ಲಿ ಅಲೆಗೀಟಿಲ್ಲ, ಬ್ಯಾಕ್‌ಸ್ಲ್ಯಾಶ್ ಎಂಬ ಓರೆಗೆರೆ. ಓರೆಗೆರೆ, ನಕ್ಷತ್ರ ಎರಡನ್ನೂ ಒತ್ತಿದೆ. ಮತ್ತೆ ಪಟ್ಟಿಗೆ ಪಟ್ಟಿಯೇ ಬಂದು ನಿಂತಿತು! ಈ ಸಲ ತಪ್ಪು ಅವಳದು. ಪ್ರೋಗ್ರಾಂ ಮೊದಲು ಓರೆಗೆರೆಯನ್ನು ಕಸವೆಂದು ಗುಡಿಸಿಹಾಕಿ, ಆಮೇಲೆ ನಕ್ಷತ್ರದ ಅರ್ಥ ನೋಡುತ್ತಿತ್ತು. ಕಾವಲುಗಾರನನ್ನು ಕಳಿಸಿ ಬಾಗಿಲು ತೆರೆದಿಟ್ಟ ಹಾಗೆ. ಮಗಳು ಕ್ರಮವನ್ನೇ ತಿರುಗಿಸಿದಳು: ಎಡದಿಂದ ಒಂದೊಂದೇ ಅಕ್ಷರ ಓದುವುದು, ಓರೆಗೆರೆ ಕಂಡರೆ ಅದರ ಮುಂದಿನದನ್ನು ಬರಿಯ ಅಕ್ಷರವೆಂದು ಬೇರೆಯಾಗಿ ಗುರುತಿಟ್ಟುಕೊಳ್ಳುವುದು, ಗುರುತಿಲ್ಲದ ನಕ್ಷತ್ರಕ್ಕೆ ಮಾತ್ರ ಸಂಜ್ಞೆಯ ಅಧಿಕಾರ. “ಓರೆಗೆರೆಯನ್ನೇ ಹುಡುಕಬೇಕಾದರೆ?” ಎಂದು ಕೊಂಕು ತೆಗೆದೆ. “ಎರಡು ಹಾಕಿ. ಮೊದಲನೆಯದು ಎರಡನೆಯದನ್ನು ಕಾಯುತ್ತೆ” ಎಂದಳು. ಎರಡು ಓರೆಗೆರೆಯ ಮುಂದೆ ಬಂದ ನಕ್ಷತ್ರಕ್ಕೆ ಮಾತ್ರ ಕಾವಲಿಲ್ಲ. ಅದು ಮತ್ತೆ ಸಂಜ್ಞೆಯೇ.

ಅಂದು ರಾತ್ರಿ ಗುರುಗಳ ನಕ್ಷತ್ರಗಳಷ್ಟೇ ಸಾಲಾಗಿ ಬಂದವು. ಹಸ್ತಪ್ರತಿಯೊಡನೆ ಎಣಿಸಿದೆ. ಒಂದು ಕಡಿಮೆ. ಆ ಪದವನ್ನು ಟೈಪು ಮಾಡುವಾಗ ನಕ್ಷತ್ರವನ್ನು ಬಿಟ್ಟವನು ನಾನೇ.