ಗಾಳ ಹೊತ್ತು ಹೊರಡುವ ಮುನ್ನ

ಪ್ರವಾಸದ ಸುಖದಲ್ಲಿ ಅರ್ಧಪಾಲು ಮನೆ ಬಿಡುವ ಮುನ್ನವೇ ದೊರಕುತ್ತದೆ. ಗಾಳ ಹಾಕುವ ಹವ್ಯಾಸವುಳ್ಳವರ ಮಟ್ಟಿಗಂತೂ ಈ ಮಾತು ನೂರಕ್ಕೆ ನೂರು ದಿಟ. ಮೀನು ಸಿಕ್ಕೀತೋ ಇಲ್ಲವೋ, ಬಲ್ಲವರಾರು? ಆದರೆ ಹಿಂದಿನ ರಾತ್ರಿ ದಾರ ಸುತ್ತಿ, ಕೊಕ್ಕೆಗಳನ್ನು ಡಬ್ಬಿಗೆ ತುಂಬಿ, ಅಡಿಗೆಮನೆಯಲ್ಲಿ ಬುತ್ತಿ ಸಿದ್ಧವಾಗುವುದನ್ನು ನೋಡುತ್ತ ಕೂರುವ ಸಂತೋಷವನ್ನು ಯಾವ ಮೀನೂ ಕಸಿದುಕೊಳ್ಳಲಾರದು.

ಇಂಥ ಪ್ರವಾಸಕ್ಕೆ ಮೈಸೂರಿನ ಪಶ್ಚಿಮದ ಸೀಮೆ ಹೇಳಿಮಾಡಿಸಿದಂತಿದೆ. ಪಿರಿಯಾಪಟ್ಟಣ, ಕೃಷ್ಣರಾಜನಗರಗಳಿಗೆ ಕಾವೇರಿ, ಹುಣಸೂರಿಗೆ ಲಕ್ಷ್ಮಣತೀರ್ಥ, ಹೆಗ್ಗಡದೇವನಕೋಟೆಗೆ ಕಬಿನಿ. ಇವುಗಳನ್ನು ಕೂಡುವ ಹಳ್ಳ ತೊರೆಗಳಿಗಂತೂ ಲೆಕ್ಕವಿಲ್ಲ. ಈ ಹೊಳೆಗಳು ಹುಟ್ಟುವುದು ಕೊಡಗು, ವಯನಾಡುಗಳ ಮಳೆಯ ಮಡಿಲಿನಲ್ಲಿ. ಹರಿಯುವುದು ರಾಗಿ, ಹೊಗೆಸೊಪ್ಪು ಬೆಳೆಯುವ ಎತ್ತರದ ಬಯಲಿನಲ್ಲಿ. ಆದುದರಿಂದ ಹುಣಸೂರಿನ ಆಕಾಶವನ್ನು ನೋಡಿ ಹೊಳೆಯ ಮನಸ್ಸನ್ನು ಅರಿಯುವಂತಿಲ್ಲ. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಮೇಲ್ನಾಡಿನ ಮಳೆ ಹೊಳೆಯನ್ನು ಉಕ್ಕಿಸಬಹುದು. ಮಕ್ಕಳನ್ನು ಕರೆದೊಯ್ಯುವವರು ಮೊದಲು ವಿಚಾರಿಸಬೇಕಾದುದು ಕೊಡಗಿನ ಮಳೆಯ ಸುದ್ದಿ.

ಮಳೆಗಾಲದಲ್ಲಿ ನೀರು ಕೆಂಪಾಗಿ ಹರಿಯುತ್ತದೆ. ಬಹುಪಾಲು ಮೀನುಗಳು ಮೊಟ್ಟೆಯಿಡುವ ಕಾಲವೂ ಅದೇ. ಆಗ ಗಾಳವನ್ನು ಅಟ್ಟದ ಮೇಲಿಡುವುದೇ ಧರ್ಮ. ನವೆಂಬರಿನಿಂದ ಫೆಬ್ರವರಿಯವರೆಗೆ ನೀರು ತಿಳಿಯಾಗಿ, ದಡಗಳು ಒಣಗಿ, ದಾರಿಯೂ ಸುಗಮವಾಗಿರುತ್ತದೆ. ಸಾಮಗ್ರಿ ಹೆಚ್ಚೇನೂ ಬೇಡ. ಬಿದಿರ ಕಡ್ಡಿ, ದಾರ, ಬೆಂಡು, ಸಣ್ಣ ಕೊಕ್ಕೆ, ತೇವದ ಮಣ್ಣಿನಲ್ಲಿಟ್ಟ ಎರೆಹುಳು. ಕಾವೇರಿಯ ದೊಡ್ಡ ಮೀನಿಗೆ ಹಳೆಯ ಕಾಲದಿಂದಲೂ ಪ್ರಸಿದ್ಧವಾದ ತಿನಿಸು ರಾಗಿಮುದ್ದೆಯ ಉಂಡೆ. ಈ ನಾಡಿನ ಮನುಷ್ಯನಿಗೂ ಮೀನಿಗೂ ರುಚಿ ಒಂದೇ!

ಮೈಸೂರಿನಿಂದ ಸುಮಾರು 45 ಕಿಲೋಮೀಟರ್ ದೂರದ ಹುಣಸೂರನ್ನು ಮೊದಲ ತಂಗುದಾಣವೆಂದು ಗೊತ್ತುಮಾಡಬಹುದು. ಲಕ್ಷ್ಮಣತೀರ್ಥಕ್ಕೆ ಹನಗೋಡಿನಲ್ಲಿ ಹಳೆಯ ಅಣೆಕಟ್ಟೆಯುಂಟು. ಬೇಸಗೆಯಲ್ಲಿ ಸೊರಗುವ ಈ ಹೊಳೆ ಚಳಿಗಾಲದಲ್ಲಿ ಮನೋಹರ. ಆದರೆ ನೀರು ಕಂಡಲ್ಲೆಲ್ಲ ಗಾಳ ಇಳಿಬಿಡುವಂತಿಲ್ಲ. ಕೆರೆ, ಜಲಾಶಯಗಳ ಮೀನಿನ ಹಕ್ಕನ್ನು ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುವುದುಂಟು. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಪಡೆದು ಮುಂದುವರಿಯುವುದು ಕ್ಷೇಮ. ಹರಿಗೋಲಿನಲ್ಲಿ ಬಲೆ ಬೀಸಿ ಬದುಕುವವನ ಅನ್ನಕ್ಕೆ ಹವ್ಯಾಸಿಯ ವಿನೋದ ಅಡ್ಡಬರಬಾರದಷ್ಟೆ.

ಹೆಗ್ಗಡದೇವನಕೋಟೆಯ ಕಡೆ ಎಚ್ಚರ ಇನ್ನೂ ಹೆಚ್ಚಿರಬೇಕು. 1974ರಲ್ಲಿ ಪೂರ್ಣಗೊಂಡ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯ ಹಿನ್ನೀರು ನಾಗರಹೊಳೆ, ಬಂಡೀಪುರಗಳ ಕಾಡಿನಂಚಿನವರೆಗೂ ಹಬ್ಬಿದೆ. ಬೇಸಗೆಯಲ್ಲಿ ಆನೆಗಳ ಹಿಂಡು ನೀರಿಗಿಳಿಯುವ ನೋಟ ಕಣ್ಣಿಗೆ ಹಬ್ಬ. ಆದರೆ ರಾಷ್ಟ್ರೀಯ ಉದ್ಯಾನದೊಳಗೆ ಗಾಳ ಹಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡ್ಡಿಯುಂಟು. ಅಲ್ಲಿ ಕಣ್ಣಿಗೆ ಮಾತ್ರ ಕೆಲಸ, ಕೈಗಲ್ಲ.

ಇದೇ ಕಬಿನಿಯಲ್ಲಿ 1946ರಲ್ಲಿ ಒಂದು ಮಹಾಮತ್ಸ್ಯ ಗಾಳಕ್ಕೆ ಸಿಕ್ಕಿತು. ಸತ್ತ ಮೃಗಗಳ ಚರ್ಮವನ್ನು ಹದಮಾಡಿ ಜೀವವಿರುವಂತೆ ನಿಲ್ಲಿಸುವ ಕಲೆಗೆ ಹೆಸರಾದ ಮೈಸೂರಿನ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್ ಹಿಡಿದ ಆ ಮಹಸೀರ್ ತೂಗಿದ್ದು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ. ಗಾಳದ ಲೋಕದಲ್ಲಿ ಇಂದಿಗೂ ಅದರ ಹೆಸರನ್ನು ಬೆರಗಿನಿಂದ ಹೇಳುತ್ತಾರೆ.

ಆ ಮೀನಿನ ಕುಲದ ಇಂದಿನ ಕಥೆ ಮಾತ್ರ ದುಃಖದ್ದು. ಕಿತ್ತಳೆ ಬಣ್ಣದ ರೆಕ್ಕೆಗಳ, ಬೆನ್ನು ಉಬ್ಬಿದ ಈ ಮಹಸೀರ್ ಕಾವೇರಿಯ ಹೊಳೆಗಳ ಹೊರತು ಜಗತ್ತಿನಲ್ಲಿ ಬೇರೆಲ್ಲಿಯೂ ಸಹಜವಾಗಿ ಹುಟ್ಟಿದ್ದಲ್ಲ. ಅಣೆಕಟ್ಟೆಗಳು ಅದರ ದಾರಿ ತಡೆದವು. ಸಿಡಿಮದ್ದು, ವಿಷಗಳು ಮಡುಗಳನ್ನು ಬರಿದಾಗಿಸಿದವು. ಮೀನಿನ ಸಂತತಿ ಹೆಚ್ಚಲೆಂಬ ಸದುದ್ದೇಶದಿಂದಲೇ 1970ರ ದಶಕದಿಂದೀಚೆಗೆ ಹೊಳೆಗೆ ಬಿಟ್ಟ ಬೇರೆ ಜಾತಿಯ ನೀಲಿರೆಕ್ಕೆಯ ಮಹಸೀರ್ ಮರಿಗಳು ಇದರ ಮನೆಯನ್ನೇ ಆಕ್ರಮಿಸಿದವು. ಪಂಡಿತರು ಈ ಮೀನಿಗೆ ‘ಟಾರ್ ರೆಮಾದೇವಿ’ ಎಂಬ ಶಾಸ್ತ್ರೀಯ ನಾಮವನ್ನು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತುತ್ತತುದಿಯಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನಾಮಕರಣವೂ ಮರಣಭಯವೂ ಒಂದೇ ವರ್ಷದಲ್ಲಿ ಬಂದಂತಾಯಿತು.

ಹೀಗಾಗಿ ಇಂದು ಗಾಳ ಹೊರುವವನ ಲೆಕ್ಕಾಚಾರವೇ ಬೇರೆ. ಸಣ್ಣ ಮೀನು ಹಿಡಿದರೂ ಮಿತಿಯುಂಟು. ಮಹಸೀರ್ ಆಕಸ್ಮಿಕವಾಗಿ ಸಿಕ್ಕರೆ ನೀರಿನಿಂದೆತ್ತದೆಯೇ ಕೊಕ್ಕೆ ಬಿಡಿಸಿ ಕಳುಹಿಸಬೇಕು.

ಪ್ರವಾಸದ ಕೊನೆಯ ದಿನವನ್ನು ಕಾವೇರಿಗೆ ಮೀಸಲಿಡುವುದು ಒಳ್ಳೆಯದು. ಕೃಷ್ಣರಾಜನಗರದಿಂದ ಸುಮಾರು 15 ಕಿಲೋಮೀಟರ್ ದೂರದ ಚುಂಚನಕಟ್ಟೆಯಲ್ಲಿ ನದಿ ಕವಲೊಡೆದು ಸುಮಾರು 20 ಮೀಟರ್ ಕೆಳಕ್ಕೆ ಧುಮುಕುತ್ತದೆ. ಹೊರಗೆ ಅಷ್ಟು ಭೋರ್ಗರೆತವಿದ್ದರೂ ಕೋದಂಡರಾಮನ ಗರ್ಭಗುಡಿಯೊಳಗೆ ಅದು ಕೇಳಿಸದೆಂಬುದು ಭಕ್ತರ ನಂಬಿಕೆ. ಜಾರುಬಂಡೆಗಳ ಮೇಲೆ ಮಕ್ಕಳ ಕೈ ಬಿಡಬಾರದು.

ಅಲ್ಲಿಂದ ಹಾಸನ ಜಿಲ್ಲೆಯ ಗಡಿ ದಾಟಿ ರಾಮನಾಥಪುರಕ್ಕೆ ಹೋದರೆ ಕಾವೇರಿಯ ವಹ್ನಿಪುಷ್ಕರಿಣಿ. ಅಲ್ಲಿಯ ಮೀನುಗಳು ದೇವರ ಮೀನುಗಳು, ಯಾರೂ ಹಿಡಿಯುವುದಿಲ್ಲ. ಮೆಟ್ಟಿಲ ಮೇಲೆ ಕುಳಿತು ಒಂದು ಹಿಡಿ ಪುರಿ ಎರಚಿದರೆ ಸಾಕು, ಬೆಳ್ಳಿಯ ಬೆನ್ನುಗಳು ಒಂದರ ಮೇಲೊಂದು ಹೊರಳುತ್ತ ಕಾಲ ಬಳಿಗೇ ಬರುತ್ತವೆ. ಕಾಯಿದೆ ಹುಟ್ಟುವ ಮೊದಲೇ ಭಕ್ತಿ ಕಾಯ್ದುಕೊಂಡು ಬಂದ ನೀರು ಅದು. ಗಾಳದ ಚೀಲ ಗಾಡಿಯಲ್ಲಿಯೇ ಉಳಿಯಲಿ. ಎರಡು ದಿನ ಬೆಂಡನ್ನೇ ನೋಡಿ ದಣಿದ ಕಣ್ಣಿಗೆ, ಹಿಡಿಯದೆ ಕಂಡ ಮೀನೇ ಪ್ರವಾಸದ ದೊಡ್ಡ ಮೀನೆನಿಸಿದರೆ ಆಶ್ಚರ್ಯವಿಲ್ಲ.