ಒಂಬತ್ತು ತಿರುವುಗಳು, ಎರಡು ಬಂಡಿಗಳು

ಕೆಲವು ಮನೆತನಗಳಲ್ಲಿ ಹೊಲಗದ್ದೆಗಳ ಜೊತೆಗೆ ವಾದಗಳೂ ಪಿತ್ರಾರ್ಜಿತವಾಗಿ ಬರುವುದುಂಟು. ನಮಗೂ ನಮ್ಮ ಅಕ್ಕನ ಯಜಮಾನರಾದ ಭಾವನವರಿಗೂ ನಡುವೆ ಇರುವ ವಾದಕ್ಕೆ ಈಗ ಮೂವತ್ತು ವರ್ಷ ತುಂಬಿದೆ. ಅವರದು ವಯನಾಡಿನ ಸುಲ್ತಾನ್ ಬತ್ತೇರಿಗೆ ಸಮೀಪದ ಹಳ್ಳಿ. ನಮ್ಮದು ಗಡಿಯ ಈಚೆ, ಗುಂಡ್ಲುಪೇಟೆಯ ಕಡೆ. ಅವರ ಅಂಗಳದಲ್ಲಿ ಬುಲೆಟ್ ನಿಂತಿದೆ, ನಮ್ಮ ಅಂಗಳದಲ್ಲಿ ಯೆಜ್ಡಿ. ಯಾವುದು ಉತ್ತಮವಾದ ಮೋಟಾರ್ ಸೈಕಲ್ ಎಂಬ ಪ್ರಶ್ನೆಯು ಪ್ರತಿ ಹಬ್ಬದಲ್ಲಿಯೂ ಪಾಯಸದ ಜೊತೆಗೆ ಬಡಿಸಲ್ಪಡುತ್ತಿತ್ತು. ಎರಡು ಬಂಡಿಗಳನ್ನೂ ಒಂದೇ ದಾರಿಯಲ್ಲಿ ಓಡಿಸಿ ನೋಡುವ ಯೋಚನೆ ಮಾತ್ರ ಇಬ್ಬರಿಗೂ ಬಂದಿರಲಿಲ್ಲ.

ಈ ಸಂಕ್ರಾಂತಿಯಲ್ಲಿ ಅದಕ್ಕೊಂದು ಕಾರಣ ಒದಗಿತು. ನಮ್ಮ ಸೋದರಳಿಯನಿಗೆ ತಾಮರಶ್ಶೇರಿಯಲ್ಲಿ ಉದ್ಯೋಗ ದೊರೆಯಿತು. ವಾರವೆಲ್ಲ ಅಲ್ಲಿದ್ದು, ಶನಿವಾರ ಸಂಜೆ ಚುರವನ್ನು ಹತ್ತಿ ಮನೆಗೆ ಬಂದು, ಸೋಮವಾರ ಮುಂಜಾನೆ ಇಳಿದು ಹೋಗಬೇಕು. ಘಟ್ಟದ ದಾರಿಯನ್ನು ಅಲ್ಲಿಯವರು ಚುರಂ ಎನ್ನುತ್ತಾರೆ. ಭಾವನವರು ತಮ್ಮ ಬುಲೆಟ್ಟನ್ನು ಮಗನಿಗೆ ಕೊಡುವುದೆಂದು ನಿಶ್ಚಯಿಸಿದ್ದರು. ನಾವು ಸುಮ್ಮನಿರಲಾರದೆ, "ಘಟ್ಟಕ್ಕೆ ಯೆಜ್ಡಿಯೇ ಸರಿ; ನಮ್ಮದನ್ನೇ ಕೊಡುತ್ತೇವೆ" ಎಂದು ಪತ್ರ ಬರೆದೆವು. ಅದಕ್ಕೆ ಉತ್ತರ ಬಂದದ್ದು ಅಕ್ಕನಿಂದ. "ನೀವಿಬ್ಬರೂ ನನ್ನ ಮಗನನ್ನು ಮುಂದಿಟ್ಟುಕೊಂಡು ಜಗಳವಾಡಬೇಡಿ. ಎಳ್ಳು ಬೆಲ್ಲ ತೆಗೆದುಕೊಂಡು ಬಾ. ಇಬ್ಬರೂ ಚುರವನ್ನು ಇಳಿದು ಹತ್ತಿ ನೋಡಿ, ಬಂದು ನಿಜವನ್ನು ಹೇಳಿ."

ವಯನಾಡಿನ ದಾರಿಯು ನಮ್ಮ ಓದುಗ ಬಂಧುಗಳಲ್ಲಿ ಅನೇಕರಿಗೆ ತವರಿನ ದಾರಿ. ಗುಂಡ್ಲುಪೇಟೆಯನ್ನು ಬಿಟ್ಟು ಮದ್ದೂರಿನ ತನಿಖಾ ಠಾಣೆಯನ್ನು ದಾಟಿದರೆ ಬಂಡೀಪುರದ ಕಾಡು. ಮೂಲೆಹೊಳೆಯಲ್ಲಿ ಕರ್ನಾಟಕ ಮುಗಿದು, ಮುತ್ತಂಗದ ಕಾಡಿನಲ್ಲಿ ಕೇರಳವು ತೊಡಗುತ್ತದೆ. 2009ರಿಂದ ಈ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಬೇಗ ತಲುಪುವ ಆತುರದವರಿಗೆ ಇದು ಕಷ್ಟವೆನಿಸಿದರೂ ಆನೆ, ಜಿಂಕೆಗಳಿಗೆ ಅಷ್ಟು ಹೊತ್ತಾದರೂ ದಾರಿಯು ದಾರಿಯಾಗಿ ಉಳಿದಿದೆ. ಬೆಳಗಿನ ಬಾಗಿಲು ತೆರೆದ ಮೇಲೆ ನಾವು ಹೊರಟು, ಬಿಸಿಲೇರುವ ಮೊದಲೇ ಅಕ್ಕನ ಅಂಗಳವನ್ನು ಸೇರಿದೆವು. ಅಂಗಳದ ತುಂಬ ಕಾಫಿಯ ಹಣ್ಣು ಒಣಗಲು ಹರಡಿತ್ತು. ಬಂಡಿ ನಿಲ್ಲಿಸಲು ಇದ್ದ ಒಂದು ಮೂಲೆಯಲ್ಲಿ ಬುಲೆಟ್ಟು ಆಗಲೇ ಸ್ನಾನಮಾಡಿ ನಿಂತಿತ್ತು.

ಈ ಎರಡು ಬಂಡಿಗಳ ಕುಲಗೋತ್ರವನ್ನು ಸ್ವಲ್ಪ ಹೇಳಬೇಕು. ಬುಲೆಟ್ ಮೂಲತಃ ಇಂಗ್ಲೆಂಡಿನದು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆ ಹುಟ್ಟಿದ ಬಳಿಕ ತಿರುವೊಟ್ಟಿಯೂರಿನ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಸೈನ್ಯದವರಿಗೂ ಪೊಲೀಸರಿಗೂ ಪ್ರಿಯವಾಯಿತು. ಯೆಜ್ಡಿಯ ಮೂಲವು ಚೆಕೊಸ್ಲೊವಾಕಿಯಾದ ಜಾವಾ. ಅದನ್ನು ನಮ್ಮ ನಾಡಿಗೆ ತಂದವರು ಇರಾನಿ ಮನೆತನದವರು. ಮೈಸೂರಿನ ಯಾದವಗಿರಿಯಲ್ಲಿ ಅವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಜಯಚಾಮರಾಜ ಒಡೆಯರಿಂದ ಉದ್ಘಾಟನೆಗೊಂಡಿತು. 1973ರಿಂದ ಬಂಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. ನಾವು ಶಿಕ್ಷಕರ ತರಬೇತಿಗೆಂದು ಮೈಸೂರಿನಲ್ಲಿದ್ದಾಗ ಕಾರ್ಖಾನೆ ಬಿಡುವ ಹೊತ್ತಿಗೆ ಆ ಕಡೆಗೆ ಹೋಗಿ ನಿಂತು, ಸಾಲಾಗಿ ಹೊರಡುವ ಬಂಡಿಗಳನ್ನು ನೋಡುತ್ತಿದ್ದುದುಂಟು. 1996ರಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. 2022ರಲ್ಲಿ ಯೆಜ್ಡಿಯ ಹೆಸರು ಮತ್ತೆ ಪೇಟೆಗೆ ಬಂದಿತಾದರೂ ಆ ಹೊಸ ಬಂಡಿಯ ಹೃದಯವೇ ಬೇರೆ. ಅದು ನಾಲ್ಕು ಸ್ಟ್ರೋಕಿನದು. ನಮ್ಮದು ಹಳೆಯ ರೋಡ್‌ಕಿಂಗ್, ಎರಡು ಸ್ಟ್ರೋಕಿನದು.

ಈ ಸ್ಟ್ರೋಕಿನ ಲೆಕ್ಕದಲ್ಲಿಯೇ ಎರಡರ ಗುಣಭೇದವೆಲ್ಲ ಅಡಗಿದೆ. ಭಾವನವರ ಬುಲೆಟ್ಟಿನ ಎಂಜಿನ್ನು 346 ಸಿ.ಸಿ.; ಸಿಲಿಂಡರಿನ ಅಗಲ 70 ಮಿ.ಮೀ., ಪಿಸ್ಟನ್ನಿನ ಓಡಾಟ 90 ಮಿ.ಮೀ. ಅಗಲಕ್ಕಿಂತ ಓಡಾಟ ಹೆಚ್ಚಾದುದರಿಂದ ಅದು ಅವಸರಪಡದೆ, ಬಾವಿಯಿಂದ ಕೊಡ ಸೇದುವಂತೆ ಎಳೆಯುತ್ತದೆ. ಯೆಜ್ಡಿಯು 250 ಸಿ.ಸಿ.ಯ ಒಳಗಿನದು; ಆದರೆ ನಾಲ್ಕು ಸ್ಟ್ರೋಕಿನ ಎಂಜಿನ್ನು ಎರಡು ಸುತ್ತಿಗೊಮ್ಮೆ ಸಿಡಿದರೆ ಇದು ಸುತ್ತಿಗೊಮ್ಮೆ ಸಿಡಿಯುತ್ತದೆ. ಹೀಗಾಗಿ ಚುರುಕು ಹೆಚ್ಚು. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಿ ಹಾಕಬೇಕು. ಒಂದೇ ಕಡ್ಡಿಯು ಮೊದಲು ಕಿಕ್ಕರಾಗಿ, ಅನಂತರ ಮುಂದಕ್ಕೆ ಮಡಚಿಕೊಂಡು ಗೇರಾಗುತ್ತದೆ. ಕ್ಲಚ್ ಹಿಡಿಯದೆಯೇ ಗೇರು ಬದಲಿಸುವ ಏರ್ಪಾಟೂ ಇದೆ.

ಮರುದಿನ ಬೆಳಿಗ್ಗೆ ಮಂಜು ಕರಗಿದ ಮೇಲೆ ಹೊರಟೆವು. ಬತ್ತೇರಿಯಿಂದ ಮೀನಂಗಾಡಿಯ ಮೇಲೆ ಕಲ್ಪೆಟ್ಟಕ್ಕೆ ಹೋಗುವ ದಾರಿಯು ಏರಿಳಿತದ್ದು. ಒಂದು ದಿಣ್ಣೆಯಲ್ಲಿ ಕಾಫಿ, ಮೆಣಸಿನ ಬಳ್ಳಿ, ಇಳಿದರೆ ಗದ್ದೆಯ ಬಯಲು, ಮತ್ತೆ ದಿಣ್ಣೆ. ಗದ್ದೆಗಳ ನಾಡಾದುದರಿಂದಲೇ ವಯನಾಡು ಎಂಬ ಹೆಸರು ಬಂದಿತೆಂದು ಹೇಳುವುದುಂಟು. ಅಲ್ಲಿಯವರೆಗೆ ಅವರವರ ಬಂಡಿ ಅವರವರಿಗೆ. ಕಲ್ಪೆಟ್ಟದಲ್ಲಿ ಬದಲಾಯಿಸಿಕೊಂಡೆವು.

ಬುಲೆಟ್ಟನ್ನು ಚಾಲೂ ಮಾಡುವುದು ಒಂದು ವ್ರತ. ಕೀಲಿ ತಿರುಗಿಸಿ, ಕಿಕ್ಕರನ್ನು ಮೆಲ್ಲನೆ ಒತ್ತುತ್ತ ಆಂಪಿಯರ್ ಮುಳ್ಳನ್ನು ನೋಡಿ, ಸಣ್ಣ ಕಡ್ಡಿಯನ್ನು ಹಿಡಿದು ಒಳಗಿನ ಒತ್ತಡವನ್ನು ಬಿಟ್ಟು, ಪಿಸ್ಟನ್ನನ್ನು ಸ್ವಸ್ಥಾನಕ್ಕೆ ತಂದು, ಅನಂತರವೇ ತುಳಿಯಬೇಕು. ಆತುರಪಟ್ಟರೆ ಕಿಕ್ಕರು ಮೊಣಕಾಲಿಗೆ ಉತ್ತರ ಹೇಳುತ್ತದೆ. ನಮಗೆ ಮೂರನೆಯ ತುಳಿತಕ್ಕೆ ಕೈಗೂಡಿತು. ಭಾವನವರು ಯೆಜ್ಡಿಯನ್ನು ಮೊದಲ ತುಳಿತಕ್ಕೇ ಎಬ್ಬಿಸಿ, ಏನೂ ಆಗದವರಂತೆ ಮುಖವನ್ನು ಬೇರೆ ಕಡೆ ತಿರುಗಿಸಿದರು.

ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಯೆಜ್ಡಿಯಲ್ಲಿಯೂ ಇಂದಿನ ಎಲ್ಲ ಬಂಡಿಗಳಲ್ಲಿಯೂ ಇದಕ್ಕೆ ವಿಪರೀತ. "ಮೇಷ್ಟ್ರೇ, ಕಾಲಿನ ಪಾಠ ನೆನಪಿರಲಿ" ಎಂದು ಭಾವನವರು ಎಚ್ಚರಿಸಿದರು. ಚುಂಡೇಲಿನ ತನಕ ನಾವು ಬಲ ಗೇರು, ಎಡ ಬ್ರೇಕು ಎಂದು ಮಗ್ಗಿಯಂತೆ ಹೇಳಿಕೊಳ್ಳುತ್ತ ಹೋದೆವು. ಚಹಾ ತೋಟಗಳ ನಡುವೆ ದಾರಿಯು ಅಗಲವಾಗಿ ಬಳುಕುವಲ್ಲಿ ಬುಲೆಟ್ಟಿನ ಹಿರಿಮೆಯನ್ನು ಒಪ್ಪಲೇಬೇಕಾಯಿತು. ಅದರ ತೂಕವು ದಾರಿಯನ್ನು ಅಪ್ಪಿಕೊಳ್ಳುತ್ತದೆ; ಸಣ್ಣ ಗುಂಡಿಗಳು ತಮ್ಮ ಅಸ್ತಿತ್ವವನ್ನು ತಿಳಿಸುವುದೇ ಇಲ್ಲ. ವೈತ್ತಿರಿಯನ್ನು ದಾಟುವ ಹೊತ್ತಿಗೆ ಮಗ್ಗಿ ಹೇಳುವುದನ್ನು ಬಿಟ್ಟಿದ್ದೆವು. ಪಾಠ ಬಂದಿತೆಂದು ಭಾವಿಸಿದ್ದೆವು.

ಲಕ್ಕಿಡಿಯಲ್ಲಿ ವಯನಾಡಿನ ಅಂಚು. ಅಲ್ಲಿ ಸರಪಳಿ ಬಿಗಿದ ಒಂದು ದೊಡ್ಡ ಮರವಿದೆ. ಈ ಘಟ್ಟದ ದಾರಿಯನ್ನು ಬ್ರಿಟಿಷ್ ಎಂಜಿನಿಯರನೊಬ್ಬನಿಗೆ ತೋರಿಸಿಕೊಟ್ಟವನು ಕರಿಂತಂಡನ್ ಎಂಬ ಆದಿವಾಸಿ ಯುವಕನೆಂದೂ, ಕೀರ್ತಿಯ ಆಸೆಯಿಂದ ಆ ಎಂಜಿನಿಯರನು ಅವನನ್ನು ಕೊಂದನೆಂದೂ, ಅವನ ಆತ್ಮವು ಪಯಣಿಗರನ್ನು ಕಾಡದಂತೆ ಈ ಮರಕ್ಕೆ ಸರಪಳಿಯಿಂದ ಕಟ್ಟಿದರೆಂದೂ ಐತಿಹ್ಯ. ದಾರಿಯನ್ನು ಕೊಟ್ಟವನಿಗೆ ಸರಪಳಿ ದಕ್ಕಿತು. ಭಾವನವರು ಪ್ರತಿಸಲವೂ ಇಲ್ಲಿ ನಿಂತು ಕೈಮುಗಿದೇ ಇಳಿಯುತ್ತಾರೆ, ನಾವೂ ಮುಗಿದೆವು.

ಲಕ್ಕಿಡಿಯಿಂದ ಅಡಿವಾರದವರೆಗೆ ಒಂಬತ್ತು ಮುಡಿಪಿನ್ ತಿರುವುಗಳು. ಮೇಲಿನ ತಿರುವಿನಲ್ಲಿ ನಿಂತರೆ ಕೆಳಗಿನ ದಾರಿಯು ಬಿಚ್ಚಿ ಎಸೆದ ಪೇಟದಂತೆ ಕಾಣುತ್ತದೆ. ಅದರಾಚೆ ಕೋಳಿಕ್ಕೋಡಿನ ಬಯಲು ಮಬ್ಬಿನಲ್ಲಿ ಕರಗುತ್ತದೆ. ಭಾವನವರು ಯೆಜ್ಡಿಯಲ್ಲಿ ಮುಂದೆ ಹೋದರು. ನಾವು ಬುಲೆಟ್ಟನ್ನು ಎರಡನೆಯ ಗೇರಿನಲ್ಲಿಟ್ಟು ಆಕ್ಸಿಲರೇಟರನ್ನು ಬಿಟ್ಟೆವು. ನಾಲ್ಕು ಸ್ಟ್ರೋಕಿನ ಎಂಜಿನ್ನು ಇಳಿಜಾರಿನಲ್ಲಿ ತಾನೇ ಬಂಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕಿಗೆ ಅರ್ಧ ಕೆಲಸ. ಎರಡು ತಿರುವುಗಳು ಸುಖವಾಗಿ ಕಳೆದವು. "ಮೂವತ್ತು ವರ್ಷ ತಪ್ಪು ವಾದಿಸಿದೆವಲ್ಲ" ಎಂದುಕೊಳ್ಳುತ್ತ ಮೂರನೆಯದಕ್ಕೆ ಬಂದೆವು.

ಆ ತಿರುವಿನಲ್ಲಿ ಕೆಳಗಿನಿಂದ ಒಂದು ಬಸ್ಸು ದಾರಿಯ ಅಗಲವನ್ನೆಲ್ಲ ತುಂಬಿಕೊಂಡು ಹತ್ತಿ ಬಂತು. ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡತಕ್ಕದ್ದು ಎಂಬುದು ಗೊತ್ತಿದ್ದ ನಿಯಮವೇ. ನಿಲ್ಲಬೇಕೆಂದು ಎಡಗೈಯಿಂದ ಕ್ಲಚ್ಚನ್ನು ಹಿಡಿದು ಬಲಗಾಲನ್ನು ಒತ್ತಿದೆವು. ಬಂಡಿ ನಿಲ್ಲಲಿಲ್ಲ. ಬಲಗಾಲಿನ ಕೆಳಗೆ ಇದ್ದುದು ಬ್ರೇಕಲ್ಲ, ಗೇರು. ಆ ಬುಲೆಟ್ಟಿನಲ್ಲಿ ಕೆಳಕ್ಕೆ ಒತ್ತಿದರೆ ಮೇಲಿನ ಗೇರು ಬೀಳುತ್ತದೆ. ಎರಡರಿಂದ ಮೂರಕ್ಕೆ ಹೋಗಿ, ಕ್ಲಚ್ಚು ಕೈಯಲ್ಲಿದ್ದುದರಿಂದ ಎಂಜಿನ್ನಿನ ಹಿಡಿತವೂ ತಪ್ಪಿ, ಅಷ್ಟು ತೂಕದ ಬಂಡಿಯು ನಮ್ಮನ್ನು ಹೊತ್ತುಕೊಂಡು ಉರುಳತೊಡಗಿತು. ಕಾಲು ಮತ್ತೊಮ್ಮೆ ಅಲ್ಲಿಯೇ ಒತ್ತಿತು! ಅಷ್ಟರಲ್ಲಿ ಬಲಗೈಗೆ ಬುದ್ಧಿ ಬಂದು ಮುಂದಿನ ಬ್ರೇಕನ್ನು ಹಿಡಿಯಿತು. ಎಡಗಾಲಿಗೆ ತನ್ನ ಕೆಲಸ ನೆನಪಾಯಿತು. ತಡೆಗೋಡೆಗೆ ಒಂದು ಮೊಳ ಉಳಿದಿರುವಾಗ ನಿಂತೆವು. ಬಸ್ಸಿನ ಚಾಲಕನು ತಲೆಯನ್ನು ಹೊರಗೆ ಹಾಕಿ, "ಪದುಕ್ಕೆ ಪೋಣಂ, ಚೇಟ್ಟಾ" ಎಂದು ಸೌಮ್ಯವಾಗಿಯೇ ಹೇಳಿ ಮುಂದೆ ಹೋದನು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಇದರಲ್ಲಿ ಬಂಡಿಯ ದೋಷವೇನೂ ಇಲ್ಲ. ಅದು ತನ್ನ ನಿಯಮದಂತೆ ನಡೆಯಿತು. ನಮ್ಮ ಕಾಲೂ ಮೂವತ್ತು ವರ್ಷ ಕಲಿತ ನಿಯಮದಂತೆಯೇ ನಡೆಯಿತು. ಗಾಬರಿಯ ಗಳಿಗೆಯಲ್ಲಿ ಮನುಷ್ಯನಿಗೆ ಒದಗುವುದು ಇವತ್ತಿನ ಪಾಠವಲ್ಲ, ಬಹುಕಾಲದ ಅಭ್ಯಾಸ. ಮಕ್ಕಳಿಗೆ ಕಲಿಸುವುದಕ್ಕಿಂತ ತಪ್ಪಾಗಿ ಕಲಿತದ್ದನ್ನು ಬಿಡಿಸುವುದು ಕಷ್ಟವೆಂದು ಶಾಲೆಯಲ್ಲಿ ಎಷ್ಟು ಸಲ ಹೇಳಿದ್ದೇವೆ!

ಉಳಿದ ಆರು ತಿರುವುಗಳನ್ನು ನಡೆದು ಹೋಗುವವರ ವೇಗದಲ್ಲಿ ಇಳಿದೆವು. ಅಡಿವಾರದ ಚಹಾದಂಗಡಿಯಲ್ಲಿ ಭಾವನವರು ಕಾದಿದ್ದರು. "ಹೇಗಿತ್ತು ನಮ್ಮ ಬುಲೆಟ್ಟು?" ಎಂದರು. "ಬಹಳ ಚೆನ್ನಾಗಿತ್ತು" ಎಂದೆವು. ನಡೆದುದನ್ನು ಅವರು ನೋಡಿರಲಿಲ್ಲ. ಹೇಳದಿದ್ದರೆ ನಮ್ಮ ಮಾನ ಉಳಿಯುತ್ತಿತ್ತು. ಆದರೆ ನಮ್ಮ ಅಳಿಯನು ಗಾಡಿ ಕಲಿತದ್ದು ಇಂದಿನ ಬಂಡಿಗಳ ಮೇಲೆ. ಅವನ ಬ್ರೇಕೂ ಬಲಗಾಲಿನಲ್ಲಿಯೇ ಇದೆ. ಸೋಮವಾರ ಮುಂಜಾನೆಯ ಮಂಜಿನಲ್ಲಿ ಅದೇ ತಿರುವು, ಅದೇ ಬಸ್ಸು ಕಣ್ಣಿಗೆ ಕಟ್ಟಿತು. ಚಹಾ ಗಂಟಲಲ್ಲಿ ಇಳಿಯಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆವು.

ಭಾವನವರು ನಗುತ್ತಾರೆಂದುಕೊಂಡಿದ್ದೆವು, ನಗಲಿಲ್ಲ. ಸ್ವಲ್ಪ ಹೊತ್ತು ಲೋಟವನ್ನೇ ನೋಡುತ್ತಿದ್ದು, "ನಾನೂ ಒಂದು ಹೇಳುತ್ತೇನೆ, ಅಕ್ಕನಿಗೆ ಹೇಳಬೇಡಿ" ಎಂದರು. "ನಿಮ್ಮ ಯೆಜ್ಡಿ ತಿರುವಿನಲ್ಲಿ ಕರುವಿನಂತೆ ತಿರುಗುತ್ತದೆ, ನಿಜ. ಆದರೆ ಇಳಿಜಾರಿನಲ್ಲಿ ಹಿಡಿದುಕೊಳ್ಳುವುದಿಲ್ಲ. ಎಲ್ಲಾ ಬ್ರೇಕಿನ ಮೇಲೆಯೇ. ಐದನೆಯ ತಿರುವಿಗೆ ಲೈನರ್ ಕಾದ ವಾಸನೆ ಬಂತು. ನಿಲ್ಲಿಸಿ ಆರಿಸಿಕೊಂಡು ಬಂದೆ." ಎರಡು ಸ್ಟ್ರೋಕಿನ ಎಂಜಿನ್ನುಗಳ ಸ್ವಭಾವವೇ ಅದು. ಅಷ್ಟೇ ಅಲ್ಲ, ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಬಹಳ ದೂರ ಇಳಿದರೆ ಪೆಟ್ರೋಲಿನ ಜೊತೆ ಬರಬೇಕಾದ ಎಣ್ಣೆಯೂ ಎಂಜಿನ್ನಿಗೆ ಸಾಲದು; ನಡುನಡುವೆ ತುಸು ತೆರೆಯುತ್ತಿರಬೇಕು. ಭಾವನವರು ಮತ್ತೂ ಹೇಳಿದರು: "ಇನ್ನೊಂದು ಮಾತು. ಕಳೆದ ಮಳೆಗಾಲದಿಂದ ನನ್ನ ಮೊಣಕಾಲು ಬುಲೆಟ್ಟಿನ ಕಿಕ್ಕರನ್ನು ಒಪ್ಪುತ್ತಿಲ್ಲ. ಹುಡುಗನೇ ತುಳಿದುಕೊಡುತ್ತಾನೆ. ನಿಮ್ಮದನ್ನು ಒಂದೇ ತುಳಿತಕ್ಕೆ ಎಬ್ಬಿಸಿದಾಗ ನನಗೆ ಅಳು ಬಂದಂತಾಯಿತು."

ಮೂವತ್ತು ವರ್ಷದ ವಾದವು ಆ ಬೆಂಚಿನ ಮೇಲೆ ಮುಗಿಯಿತು.

ಹತ್ತುವಾಗ ಅವರವರ ಬಂಡಿಯನ್ನು ಅವರವರೇ ಏರಿದೆವು. ಏರಿನಲ್ಲಿ ಬುಲೆಟ್ಟು ಉಸಿರು ಕಟ್ಟದೆ, ಗೇರನ್ನು ಹೆಚ್ಚು ಬದಲಿಸದೆ ಹೋಗುತ್ತಿತ್ತು. ನಾವು ಪ್ರತಿ ತಿರುವಿಗೂ ಗೇರು ಇಳಿಸಿ, ಎಂಜಿನ್ನನ್ನು ಕೂಗಿಸಿ, ತಿರುವು ಕಳೆದೊಡನೆ ಅವರ ಬೆನ್ನಿಗೆ ಬಂದು, ನೇರವಾದ ಏರಿನಲ್ಲಿ ಮತ್ತೆ ಹಿಂದುಳಿಯುತ್ತಿದ್ದೆವು. ಲಕ್ಕಿಡಿಯನ್ನು ಮುಟ್ಟುವಾಗ ನಡುವಿನ ಅಂತರ ನಾಲ್ಕು ಮಾರಿನಷ್ಟಿತ್ತು. ಆದ್ದರಿಂದ ವಾಚಕರು ತೀರ್ಪು ಕೇಳಿದರೆ ಹೀಗೆ ಹೇಳಬಹುದು: ನೇರ ದಾರಿಗೂ ಏರಿಗೂ ಬುಲೆಟ್, ಇಕ್ಕಟ್ಟಿನ ತಿರುವಿಗೂ ವಯಸ್ಸಾದ ಮೊಣಕಾಲಿಗೂ ಯೆಜ್ಡಿ, ಇಳಿಜಾರಿಗೆ ಬುಲೆಟ್ಟೇ ಮೇಲು, ಆದರೆ ಅದರ ಮೇಲೆಯೇ ಕಾಲು ಪಳಗಿದವನಿಗೆ ಮಾತ್ರ.

ಮನೆಯಲ್ಲಿ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಯಾವುದು ಚೆನ್ನಾಗಿ ಓಡುತ್ತದೆ ಅಂತ ಬೇಡ. ಯಾವುದು ಚೆನ್ನಾಗಿ ನಿಲ್ಲುತ್ತದೆ ಹೇಳು." ನಾವಿಬ್ಬರೂ ಒಂದೇ ಉತ್ತರ ಹೇಳಿದೆವು, ಆ ಮನೆಯಲ್ಲಿ ಅದು ಮೊದಲ ಸಲ. ಎರಡೂ ಅಲ್ಲ. 2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಮಾರುವ 125 ಸಿ.ಸಿ.ಗೆ ಮೇಲ್ಪಟ್ಟ ಬಂಡಿಗಳಲ್ಲಿ ಚಕ್ರವು ಸಿಕ್ಕಿಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕು ಕಡ್ಡಾಯವಾಗಿದೆ. ಅಂಥದೊಂದು ಸಾಧಾರಣ ಬಂಡಿ ಅಳಿಯನಿಗೆ ಸಾಕು; ಮಳೆಗಾಲದ ತಿಂಗಳುಗಳಲ್ಲಿ ಅದೂ ಬೇಡ, ಬಸ್ಸೇ ಸರಿ. ಹಣದಲ್ಲಿ ಅರ್ಧವನ್ನು ಭಾವನವರು, ಅರ್ಧವನ್ನು ನಾವು ಕೊಡುವುದೆಂದಾಯಿತು.

ಮರಳುವಾಗ ಭಾವನವರು ಗೇಟಿನವರೆಗೆ ಬಂದರು. ನಾವು ಕೀಲಿಯನ್ನು ಅವರ ಕೈಗಿಟ್ಟು, "ಯುಗಾದಿಯವರೆಗೆ ಯೆಜ್ಡಿ ಇಲ್ಲಿಯೇ ಇರಲಿ, ಭಾವ. ಪೇಟೆಗೆ ಹೋಗಿ ಬರಲು ನಿಮ್ಮ ಮೊಣಕಾಲಿಗೆ ಆಗುತ್ತದೆ, ಚುರಕ್ಕೆ ಮಾತ್ರ ಬೇಡ" ಎಂದೆವು. ಅವರು ಏನೂ ಹೇಳದೆ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಬತ್ತೇರಿಯಲ್ಲಿ ಮೈಸೂರಿನ ಬಸ್ಸು ಸಿಕ್ಕಿತು. ಮುತ್ತಂಗದ ಕಾಡಿನಲ್ಲಿ ಅದು ಒಮ್ಮೆ ಬ್ರೇಕು ಹಾಕಿದಾಗ, ಕಿಟಕಿಯ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದ ನಮ್ಮ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು.