ಗೋದಲಿಗೆ ಎಷ್ಟು ಹುಲ್ಲು?

ಡಿಸೆಂಬರ್ ಎರಡನೇ ವಾರ ಬಂತು ಅಂದ್ರೆ ನಮ್ಮನೇಲಿ ಹುಳ ಕರಿಯೋ ಕೆಲಸ ಶುರು. ಗಾಬರಿಯಾಗಬೇಡಿ :) ನಮ್ಮ ಕೊಂಕಣಿಯಲ್ಲಿ ‘ಕಿಡಿಯೊ’ ಅಂದ್ರೆ ಹುಳಗಳು ಅಂತ. ಮೈದಾಹಿಟ್ಟಿಗೆ ತೆಂಗಿನಹಾಲು, ಚಿಟಿಕೆ ಉಪ್ಪು ಹಾಕಿ ಕಲಸಿ, ಗೋಲಿ ಗಾತ್ರದ ಉಂಡೆ ಮಾಡಿ, ಅದನ್ನ ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿದರೆ ಥೇಟ್ ಮಳೆಗಾಲದ ಹುಳವೇ. ಎಣ್ಣೆಯಲ್ಲಿ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿ ಆರೋಕೆ ಬಿಟ್ಟರೆ ಮೇಲೆ ಬೆಳ್ಳಗೆ ಸಕ್ಕರೆ ಕಟ್ಟಿಕೊಳ್ಳುತ್ತೆ. ಕರ್ಜಿಕಾಯಿಯ ಅಕ್ಕನ ಹಾಗಿರೋ ನೆವ್ರಿ, ಅಕ್ಕಿಹಿಟ್ಟಿನ ಗುಳಿಯೊ, ಹೂವಿನ ಅಚ್ಚಲ್ಲಿ ಮಾಡೋ ಕೊಕ್ಕಿಸಾಂ, ಜೊತೆಗೆ ಚಕ್ಕುಲಿ, ಉಂಡೆ.. ಎಲ್ಲ ಸೇರಿದ್ರೆ ಅದಕ್ಕೆ ಕುಸ್ವಾರ್ ಅಂತ ಹೆಸರು. ಮಂಗಳೂರು ಕಡೆಯ ಕ್ರಿಶ್ಚಿಯನ್ನರ ಮನೆಗಳಲ್ಲಿ ಕುಸ್ವಾರ್ ಇಲ್ಲದೆ ಕ್ರಿಸ್ಮಸ್ ಇಲ್ಲ. ಕೇಕು ಬೇಕರಿಯಲ್ಲಿ ಸಿಗುತ್ತೆ ಬಿಡಿ.

ಕೊಕ್ಕಿಸಾಂ ಮಾತ್ರ ನನಗೆ ಇನ್ನೂ ಪೂರ್ತಿ ಒಲಿದಿಲ್ಲ. ಅಚ್ಚನ್ನ ಮೊದಲು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಬೇಕು, ಆಮೇಲೆ ಹಿಟ್ಟಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದ್ರೋ, ಹಿಟ್ಟು ಅಚ್ಚನ್ನ ಬಿಟ್ಟು ಬರಲ್ಲ ಅಂತ ಹಠ ಹಿಡಿಯುತ್ತೆ. ಅಮ್ಮ ಪಕ್ಕದಲ್ಲಿ ಕೂತು “ಕೈ ಅಲ್ಲಾಡಿಸೇ, ಕೈ ಅಲ್ಲಾಡಿಸೇ” ಅಂತಿರ್ತಾರೆ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ. 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಉತ್ಪಾದನೆಗೆ ಬಂದ ಕಾರ್ಖಾನೆ ಅದು, ವಿಶ್ವೇಶ್ವರಯ್ಯನವರ ಕನಸು ಅಂತ ನೀವೆಲ್ಲ ಶಾಲೆಯಲ್ಲಿ ಓದಿರ್ತೀರಿ. ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಜನ ಬಂದು ಸೇರಿದ ಊರು. ನಮ್ಮ ಸಾಲಿನಲ್ಲೇ ತಮಿಳರು, ತೆಲುಗರು, ಮಲಯಾಳಿಗಳು, ನಾವು ಕೊಂಕಣಿಗಳು, ನಡುವೆ ಎರಡು ಮನೆ ಅಪ್ಪಟ ಮಲೆನಾಡಿನವರು. ಡಿಸೆಂಬರ್ 24ರ ಸಂಜೆ ನನ್ನ ತಮ್ಮ, ನಾನು ಸ್ಟೀಲ್ ತಟ್ಟೆಯಲ್ಲಿ ಕುಸ್ವಾರ್ ಇಟ್ಟು, ಮೇಲೆ ಕ್ರೋಶಾ ಬಟ್ಟೆ ಮುಚ್ಚಿ ಸಾಲಿನ ಅಷ್ಟೂ ಮನೆಗೆ ಕೊಟ್ಟು ಬರ್ತಿದ್ವಿ. ತಟ್ಟೆ ಖಾಲಿ ವಾಪಸ್ ಬರ್ತಿರ್ಲಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಇರ್ತಿತ್ತು. ಸಂಕ್ರಾಂತಿಗೆ ಎಳ್ಳುಬೆಲ್ಲ, ರಂಜಾನ್‌ಗೆ ಶಾವಿಗೆ ಪಾಯಸ ಅಂತ ತಟ್ಟೆಗಳು ವರ್ಷಪೂರ್ತಿ ಓಡಾಡ್ತಾನೇ ಇರ್ತಿದ್ವು. ಆ ಕಾರ್ಖಾನೆಯನ್ನ ಮುಚ್ಚೋ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ, ಇಲ್ಲಿ ಬೇಡ.

ಈಗ ನಾವಿರೋದು ಸೋಗಾನೆಯಲ್ಲಿ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ. ಮೊದಲೆಲ್ಲ ಸೋಗಾನೆ ಅಂದ್ರೆ ಜನ “ಓ, ಜೈಲಿನ ಹತ್ರಾನಾ?” ಅಂತ ನಗ್ತಿದ್ರು. 2023ರ ಫೆಬ್ರವರಿ 27ಕ್ಕೆ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆ ಆದಮೇಲೆ ನಮ್ಮ ವಿಳಾಸಕ್ಕೆ ಸ್ವಲ್ಪ ಮರ್ಯಾದೆ ಬಂದಿದೆ. ನಮ್ಮ ಬಡಾವಣೆಯಲ್ಲಿ ಮನೆಗಿಂತ ಖಾಲಿ ಸೈಟೇ ಜಾಸ್ತಿ. ಕುಸ್ವಾರ್ ತಟ್ಟೆ ಹೋಗೋದು ಐದೇ ಮನೆಗೆ. ಚಿಕ್ಕವನಿಗೆ (ನಾಲ್ಕು ವರ್ಷ) ವಿಮಾನದ ಹುಚ್ಚು. ರನ್‌ವೇ 3,200 ಮೀಟರ್ ಅಂತ ಯಾರೋ ಹೇಳಿಕೊಟ್ಟಿದ್ದಾರೆ, ಬಂದವರಿಗೆಲ್ಲ ಒಪ್ಪಿಸ್ತಾನೆ. ಸಾಂತಾಕ್ಲಾಸ್ ಗಾಡಿ ಇಳಿಯೋಕೆ ಅಷ್ಟು ಸಾಕಾ ಅಂತ ಅವನ ಚಿಂತೆ.

ಮಕ್ಕಳಿಗೆ ನಾವು ಮುಖ್ಯವಾಗಿ ಮಾಡಿಸೋದು ಗೋದಲಿ. ನಿಮ್ಮಲ್ಲಿ ದಸರಾ ಗೊಂಬೆ ಕೂರಿಸುವವರಿಗೆ ಇದರ ಸಂಭ್ರಮ ಗೊತ್ತಾಗುತ್ತೆ. ದನದ ಕೊಟ್ಟಿಗೆ, ಅದರೊಳಗೆ ಮರಿಯ, ಜೋಸೆಫ್, ಕುರುಬರು, ದನ, ಕತ್ತೆ, ನಡುವೆ ಖಾಲಿ ಗೋದಲಿ. ಬಾಲಯೇಸುವನ್ನ ಅದರಲ್ಲಿ ಮಲಗಿಸೋದು 24ರ ರಾತ್ರಿಯೇ, ಅಲ್ಲಿವರೆಗೆ ಬೀರುವಿನಲ್ಲಿ ಬಚ್ಚಿಟ್ಟಿರ್ತೀವಿ. ಇದನ್ನ ಮೊದಲು ಶುರುಮಾಡಿದ್ದು ಅಸಿಸ್ಸಿಯ ಸಂತ ಫ್ರಾನ್ಸಿಸ್ ಅಂತಾರೆ, 1223ರಲ್ಲಿ, ಇಟಲಿಯ ಗ್ರೆಚ್ಚೊ ಅನ್ನೋ ಹಳ್ಳಿಯಲ್ಲಿ. ಆತ ಬೊಂಬೆ ಇಡಲಿಲ್ಲ. ನಿಜವಾದ ಹುಲ್ಲು, ನಿಜವಾದ ಎತ್ತು, ನಿಜವಾದ ಕತ್ತೆ ತರಿಸಿದ್ದ. ಓದು ಬರಹ ಬಾರದ ಹಳ್ಳಿ ಜನಕ್ಕೆ ಕಣ್ಣಿಗೆ ಕಾಣಲಿ ಅಂತ. ನನಗೆ ಈ ಕಥೆ ಇಷ್ಟ. ನಮ್ಮ ಗೋದಲಿಯ ಮುಂದೆ ಹಸಿರು ಗದ್ದೆ ಇರಬೇಕು, ಅದಕ್ಕೆ ಹತ್ತು ಹನ್ನೆರಡು ದಿನ ಮೊದಲೇ ತೆಂಗಿನ ಕರಟದಲ್ಲಿ ಮಣ್ಣು ತುಂಬಿ ರಾಗಿ ಚೆಲ್ತೀವಿ. ಮೊಳಕೆ ಬಂತಾ ಅಂತ ಚಿಕ್ಕವನು ದಿನಕ್ಕೆ ನಾಲ್ಕು ಸಲ ಬೆರಳಿಂದ ಕೆದಕಿ ನೋಡ್ತಾನೆ. ಆದರೂ ಬರುತ್ತೆ, ರಾಗಿ ಗಟ್ಟಿ ಜೀವ.

ಇನ್ನು ಹುಲ್ಲಿನ ಆಟ. ಇದು ಕೆಲವು ಮನೆಗಳಲ್ಲಿ ಮಾತ್ರ ಇದೆ, ನಮಗೆ ಅಮ್ಮನಿಂದ ಬಂದದ್ದು. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ ಆಗಮನ ಕಾಲ. ಆ ದಿನಗಳಲ್ಲಿ ಮಕ್ಕಳು ಒಂದೊಂದು ಒಳ್ಳೆ ಕೆಲಸ ಮಾಡಿದಾಗ ಖಾಲಿ ಗೋದಲಿಗೆ ಒಂದೊಂದು ಹುಲ್ಲು ಹಾಕಬೇಕು. ಕೂಸಿಗೆ ಹಾಸಿಗೆ ಮೆತ್ತಗಾಗಬೇಕಲ್ಲ. ಆ ಹೊತ್ತಿಗೆ ಸೋಗಾನೆ ಸುತ್ತ ಭತ್ತದ ಕೊಯ್ಲು, ಹುಲ್ಲಿಗೆ ಬರ ಇಲ್ಲ. ದೊಡ್ಡವಳು (ಎಂಟು ವರ್ಷ) ಲೆಕ್ಕದಲ್ಲಿ ಬಲು ಕಟ್ಟುನಿಟ್ಟು. ಹಳೇ ಡೈರಿಯಲ್ಲಿ ಬರೆದಿಡ್ತಾಳೆ: ತಟ್ಟೆ ತೊಳೆದದ್ದು 1, ತಮ್ಮನಿಗೆ ಚಾಕಲೇಟ್ ಕೊಟ್ಟದ್ದು 1 (ಅರ್ಧ ಕೊಟ್ಟದ್ದಕ್ಕೂ ಒಂದೇ), ತಮ್ಮನ್ನ ಎತ್ತಿಕೊಂಡದ್ದು 1. ಚಿಕ್ಕವನಿಗೆ ಲೆಕ್ಕ ಗಿಕ್ಕ ಇಲ್ಲ. ಬರ್ತಾನೆ, ಹಿಡಿ ಹುಲ್ಲು ಹಾಕ್ತಾನೆ, ಹೋಗ್ತಾನೆ. ದಿನಾ ಇದೇ ಜಗಳ.

2024ರ ಡಿಸೆಂಬರ್‌ನಲ್ಲಿ ಪಕ್ಕದ ಸೈಟಿನಲ್ಲಿ ಮನೆ ಏಳ್ತಾ ಇತ್ತು. ಗಾರೆ ಕೆಲಸದ ಒಂದು ಸಂಸಾರ ಅಲ್ಲೇ ತಗಡಿನ ಶೆಡ್‌ನಲ್ಲಿ ಇದ್ರು, ರಾಯಚೂರು ಕಡೆಯವರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ. ಅವರ ಮಗಳು ನನ್ನ ದೊಡ್ಡವಳ ವಯಸ್ಸಿನವಳೇ. ಸೊಂಟದ ಮೇಲೆ ಯಾವಾಗಲೂ ತಮ್ಮ. ಊರಿನ ಶಾಲೆಯಲ್ಲಿ ಹೆಸರಿದೆ, ಮಳೆಗಾಲಕ್ಕೆ ಹೋದಾಗ ಕೂರ್ತಾಳೆ ಅಂತ ಅವಳಮ್ಮ ಹೇಳಿದ್ರು. ನಲ್ಲಿ ನೀರು ತಗೊಳ್ಳೋಕೆ ಬಂದವಳು ನಮ್ಮ ಜಗಲಿಯಲ್ಲಿ ಆಟಕ್ಕೆ ನಿಂತಳು, ಆಮೇಲೆ ದಿನಾ ಬರ್ತಿದ್ಳು. 14ನೇ ತಾರೀಕು ಶನಿವಾರ ಕಿಡಿಯೊ ಮಾಡೋಕೆ ಕೂತಾಗ ಅವಳೂ ಬಂದು ಕೂತಳು. ತಮ್ಮನ್ನ ಅಮ್ಮನ ಮಡಿಲಿಗೆ ಹಾಕಿ, ಕೈ ತೊಳೆದು, ಒಂದು ಬಾಚಣಿಗೆ ತಗೊಂಡಳು. ರೊಟ್ಟಿ ಬಡಿಯೋ ಕೈ. ನಾವು ಮೂವರು ಸೇರಿ ಮಾಡಿದ್ದಕ್ಕಿಂತ ಅವಳ ಹುಳಗಳೇ ಜಾಸ್ತಿ, ಅದೂ ಒಂದೇ ಅಳತೆ. ಅಮ್ಮನ ಬಾಯಲ್ಲಿ ಹೊಗಳಿಕೆ ಬರೋದು ಕಷ್ಟ, ಅವತ್ತು ಬಂತು.

ಅವಳು ಹುಲ್ಲಿನ ಡೈರಿ ನೋಡಿ ಏನಂತ ಕೇಳಿದಳು. ದೊಡ್ಡವಳು ನಿಯಮ ಎಲ್ಲ ವಿವರಿಸಿದಳು. ಆ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ ನನ್ನ ಕಡೆ ತಿರುಗಿ, “ಅಕ್ಕಾರ, ನಾ ದಿನಾ ತಮ್ಮನ್ನ ಎತ್ಗೊಂತೀನ್ರಿ. ಅದಕ್ಕ ಎಷ್ಟು ಹುಲ್ಲು?” ಅಂದಳು.

ನಾನು ಬಾಯಿ ತೆಗೆಯೋ ಮೊದಲೇ ನನ್ನ ಮಗಳು, “ಅದು ಒಳ್ಳೆ ಕೆಲಸ ಅಲ್ಲ, ನಿಮ್ಮನೆ ಕೆಲಸ” ಅಂದ್ಳು.

“ನೀನು ಬರದೀಯಲ್ಲ, ತಮ್ಮನ್ನ ಎತ್ತಿದ್ದು ಒಂದು ಅಂತ?”

ಅವಳು ಜಗಳಕ್ಕೆ ಕೇಳಿದ್ದಲ್ಲ. ಲೆಕ್ಕ ಅರ್ಥ ಆಗಲಿಲ್ಲ, ಕೇಳಿದಳು, ಅಷ್ಟೇ. ನೀರು ಹೊತ್ತದ್ದು, ಒಲೆ ಹಚ್ಚಿದ್ದು, ಮಗು ಮಲಗಿಸಿದ್ದು ಎಲ್ಲ ಹಿಡಿದರೆ ಅವಳ ಒಂದು ವಾರದ ಹುಲ್ಲಿಗೆ ನಮ್ಮ ಕೊಟ್ಟಿಗೆಯೇ ಸಾಲದು. ಅಮ್ಮ ಎಣ್ಣೆ ಬಾಣಲೆ ಕಡೆ ನೋಡ್ತಾ ಕೂತ್ರು. ಇಂಥ ಹೊತ್ತಲ್ಲಿ ದೊಡ್ಡವರಿಗೆ ಬಾಣಲೆ ಇರೋದು ಒಳ್ಳೇದು. ದೊಡ್ಡವಳು ಡೈರಿ ತಗೊಂಡು ಒಳಗೆ ಹೋದಳು, ಐದು ನಿಮಿಷ ಬಿಟ್ಟು ಬಂದು ಪೆನ್ಸಿಲ್ ಕೊಟ್ಟು “ನೀನೇ ಬರ್ಕೋ” ಅಂದಳು. ಆ ಹುಡುಗಿ ಬರೆಯಲಿಲ್ಲ. ಒಂದು ಹುಲ್ಲು ಎತ್ತಿಕೊಂಡು, ತಮ್ಮನ ಕೈಗೆ ಕೊಟ್ಟು, ಅವನ ಕೈ ಹಿಡಿದು ಗೋದಲಿಗೆ ಹಾಕಿಸಿದಳು.

ಸಾಂತಾ ವಿಷಯ ಎದ್ದದ್ದು ಎರಡು ದಿನ ಬಿಟ್ಟು. ಶಾಲೆಯಲ್ಲಿ ಸಾಂತಾ ಬಂದಿದ್ದ. ಒಳ್ಳೆ ಮಕ್ಕಳಿಗೆ ಮಾತ್ರ ರಾತ್ರಿ ಬಂದು ಗಿಫ್ಟ್ ಇಡ್ತಾನೆ ಅಂತ ನಮ್ಮವಳು ಜಗಲಿಯಲ್ಲಿ ಭಾಷಣ ಬಿಗಿದಳು. “ನಮ್ಮ ಶೆಡ್ಡಿಗೂ ಬರ್ತಾನೇನ್ರಿ?” ಅಂತ ಪ್ರಶ್ನೆ ಬಂತು.

ನಮ್ಮ ಕಾಲದಲ್ಲಿ ಭದ್ರಾವತಿಯಲ್ಲಿ ಈ ತೊಂದರೆ ಇರಲಿಲ್ಲ. ಕ್ಯಾರಲ್ ಹಾಡೋಕೆ ಬರೋ ಗುಂಪಿನ ಜೊತೆ ಕ್ರಿಸ್ಮಸ್ ತಾತ ಬರ್ತಿದ್ದ. ಹತ್ತಿಯ ಗಡ್ಡ, ಕೆಂಪು ನೈಟಿಯಂಥ ಅಂಗಿ, ಹೊಟ್ಟೆಗೆ ದಿಂಬು. ಚಪ್ಪಲಿ ನೋಡಿದ್ರೆ ಯಾರ ಮನೆ ಅಣ್ಣ ಅಂತ ಗೊತ್ತಾಗ್ತಿತ್ತು. ಬೀದಿಯ ಅಷ್ಟೂ ಮಕ್ಕಳಿಗೆ ಪೆಪ್ಪರಮಿಂಟು ಎರಚ್ತಿದ್ದ. ಯಾರು ಒಳ್ಳೆಯವರು, ಯಾರು ತಂಟೆ, ಯಾವ ಜಾತಿ ಅಂತ ಅವನು ಕೇಳ್ತಿರ್ಲಿಲ್ಲ. ರಾತ್ರಿ ಗುಟ್ಟಾಗಿ ಬಂದು ದೊಡ್ಡ ಮನೆಗೆ ಸೈಕಲ್ಲು, ಸಣ್ಣ ಮನೆಗೆ ಸ್ಕೆಚ್ ಪೆನ್ನು ಇಡೋ ಸಾಂತಾ ನಮಗೆ ಗೊತ್ತೇ ಇರಲಿಲ್ಲ. ನನಗೆ ಆ ಚಪ್ಪಲಿ ತಾತನೇ ಇಷ್ಟ.

ರಾತ್ರಿ ನಾವಿಬ್ಬರೂ ಮಾತಾಡಿಕೊಂಡ್ವಿ. ಇವರು “ಇದ್ದದ್ದು ಹೇಳಿಬಿಡು” ಅಂದ್ರು. ನಾನು ದೊಡ್ಡವಳಿಗೆ ಸಂತ ನಿಕೋಲಾಸನ ಕಥೆಯಿಂದ ಶುರು ಮಾಡಿದೆ. ಈಗಿನ ಟರ್ಕಿ ದೇಶದಲ್ಲಿರೋ ಮೈರಾದಲ್ಲಿ, ನಾಲ್ಕನೇ ಶತಮಾನದಲ್ಲಿ ಬಿಷಪ್ ಆಗಿದ್ದವನು. ಡಿಸೆಂಬರ್ 6 ಅವನ ಹಬ್ಬ. ವರದಕ್ಷಿಣೆಗೆ ದುಡ್ಡಿಲ್ಲದ ಒಬ್ಬ ಬಡವನ ಮೂರು ಹೆಣ್ಣುಮಕ್ಕಳಿಗಾಗಿ ರಾತ್ರಿ ಹೊತ್ತು ಯಾರಿಗೂ ಕಾಣದ ಹಾಗೆ ಚಿನ್ನದ ಗಂಟು ಎಸೆದು ಹೋದ ಅಂತ ಅವನ ಕಥೆ. ಆ ಮಕ್ಕಳು ಒಳ್ಳೆಯವರಾ ಅಂತ ಅವನು ಪರೀಕ್ಷೆ ಮಾಡಲಿಲ್ಲ, ಬೇಕಾಗಿತ್ತು, ಕೊಟ್ಟ. ಈಗ ಅವನಿಲ್ಲ, ನಿನ್ನ ಗಿಫ್ಟ್ ತರೋದು ಅಪ್ಪ ಅಮ್ಮ ಅಂದೆ. ಅವಳು ಹೊದಿಕೆಯೊಳಗಿಂದ “ಗೊತ್ತು. ಹೋದ ವರ್ಷವೇ ಬಿಲ್ ಸಿಕ್ಕಿತ್ತು” ಅಂದಳು. ಆಮೇಲೆ, “ತಮ್ಮನಿಗೆ ಹೇಳ್ಬೇಡ” ಅಂತ ನನಗೇ ಆಣೆ ಹಾಕಿಸಿದಳು!

ಶೆಡ್ಡಿನ ಪ್ರಶ್ನೆಗೆ ಉತ್ತರ ಅಂತ ಒಂದು ಫ್ರಾಕು, ಅವಳ ತಮ್ಮನಿಗೆ ಸ್ವೆಟರು ತಂದಿಟ್ಟಿದ್ವಿ, 24ಕ್ಕೆ ತಟ್ಟೆಯ ಜೊತೆ ಕೊಡೋಣ ಅಂತ. ಆದರೆ 19ರ ಸಂಜೆ ಅವಳು ಬಂದು ನಾಳೆ ಬೆಳಿಗ್ಗೆ ಹೋಗ್ತೀವಿ ಅಂದಳು. ಮೋಲ್ಡ್ ಹಾಕಿ, ದಿನ ತುಂಬಿ, ಸೆಂಟ್ರಿಂಗ್ ಬಿಚ್ಚಿ ಆಗಿತ್ತು. ಮೇಸ್ತ್ರಿಗೆ ಬೇರೆ ಊರಲ್ಲಿ ಕೆಲಸ. ಎಲ್ಲಿ ಅಂತ ಅವಳಿಗೆ ಗೊತ್ತಿಲ್ಲ, ಅವಳಮ್ಮನಿಗೂ ಸರಿಯಾಗಿ ಗೊತ್ತಿಲ್ಲ.

ಕಿಡಿಯೊ ಕರಿದು ಡಬ್ಬಿಗೆ ತುಂಬಿಟ್ಟಿದ್ವಿ, ಪಾಕ ಹಾಕೋದು 23ಕ್ಕೆ ಅಂತ ಇತ್ತು. ಸಕ್ಕರೆ ಇಲ್ಲದ ಕಿಡಿಯೊ ಅಂದ್ರೆ ಬರೀ ಗಟ್ಟಿ ಹಿಟ್ಟು. ರಾತ್ರಿ ಒಂಬತ್ತಕ್ಕೆ ದೊಡ್ಡವಳು ಸಕ್ಕರೆ ಡಬ್ಬ ತಂದು ಒಲೆಯ ಪಕ್ಕ ಇಟ್ಟು ನಿಂತಳು. ಒಂದು ಮಾತಿಲ್ಲ. ಅಮ್ಮ ಮಂಡಿನೋವು ಅಂತ ಮಲಗಿದ್ದವರು ಎದ್ದು ಬಂದ್ರು, ಪಾಕದ ಎಳೆ ನೋಡೋಕೆ ನನ್ನನ್ನ ನಂಬಲ್ಲ. ಹತ್ತೂವರೆಗೆ ಮುಗೀತು. ಆ ಹುಡುಗಿ ಮಾಡಿದ ಹುಳಗಳು ಯಾವುವು ಅಂತ ಗುರುತಿಸೋದು ಸುಲಭ, ಎಲ್ಲ ಒಂದೇ ಅಳತೆ. ಅವನ್ನೇ ಆರಿಸಿ ಆರಿಸಿ ಡಬ್ಬಿಗೆ ತುಂಬಿದಳು ನಮ್ಮವಳು. ಬೆಳಿಗ್ಗೆ ಆರಕ್ಕೆ ಟೆಂಪೋ ಬಂತು. ತಗಡು, ಪಾತ್ರೆ, ಒಲೆ, ಮೇಲೆ ಮಕ್ಕಳು. ಫ್ರಾಕು ಸ್ವೆಟರಿನ ಕವರ್ ಅವಳಮ್ಮನ ಕೈಗೆ, ಡಬ್ಬಿ ಅವಳ ಕೈಗೆ. ತಮ್ಮನ್ನ ಒಂದು ಕೈಯಲ್ಲಿ ಹಿಡಿದು ಡಬ್ಬಿ ತೊಡೆ ಮೇಲಿಟ್ಟುಕೊಂಡಳು. ಮೇಸ್ತ್ರಿ ನಂಬರ್ ಇವರ ಮೊಬೈಲಿನಲ್ಲಿದೆ.

24ರ ಸಂಜೆ ಐದು ಮನೆಗೆ ತಟ್ಟೆ ಹೋಯ್ತು. ರಾತ್ರಿ ಶಿವಮೊಗ್ಗದ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಪೂಜೆ ಮುಗಿಸಿ ಮನೆಗೆ ಬರೋವಾಗ ಚಿಕ್ಕವನು ಹೆಗಲ ಮೇಲೆ ನಿದ್ದೆ. ಬೀರುವಿನಿಂದ ಬಾಲಯೇಸುವನ್ನ ತೆಗೆದು ಮಲಗಿಸಿದ್ದು ದೊಡ್ಡವಳೇ. ಡೈರಿಯಲ್ಲಿ 16ರ ನಂತರ ಏನೂ ಬರೆದಿರಲಿಲ್ಲ, ಹುಲ್ಲು ಮಾತ್ರ ಸಾಕಷ್ಟಿತ್ತು. ಯಾಕೆ ಅಂತ ನಾನು ಕೇಳಲಿಲ್ಲ.

ಜನವರಿ 6, ಮೂರು ರಾಯರ ಹಬ್ಬ ಮುಗಿದ ಮೇಲೆ ಗೋದಲಿ ಬಿಚ್ಚೋದು ನಮ್ಮ ಪದ್ಧತಿ. ಬೊಂಬೆಗಳು ಹಳೇ ಸೀರೆ ಸುತ್ತಿಕೊಂಡು ಅಟ್ಟಕ್ಕೆ ಹೋದವು. ರಾಗಿ ಪೈರು, ಹುಲ್ಲು ಎಲ್ಲ ಒಂದು ಬುಟ್ಟಿಗೆ ಹಾಕಿ, ನಮಗೆ ಹಾಲು ಕೊಡೋರ ಮನೆ ಹಸುವಿನ ಮುಂದೆ ಸುರಿದು ಬಂದ್ವಿ. ಅದು ಮೊದಲು ರಾಗಿ ಪೈರು ತಿಂತು, ಆಮೇಲೆ ಹುಲ್ಲು. ಕೆಳಗೆ ಬಿದ್ದಿದ್ದ ನಾಲ್ಕೈದನ್ನ ಚಿಕ್ಕವನು ಹೆಕ್ಕಿ ಅದರ ಬಾಯಿಗೆ ಹಿಡಿದ.